ಸ್ಕ್ರೀನಿನಲ್ಲಿ ಬೆಂಡ್ ಆದದ್ದು ಮೆಷಿನಿನಲ್ಲೂ ಬೆಂಡ್ ಆಗಬೇಕಲ್ವಾ? ಶೀಟ್ ಮೆಟಲ್ ಮಾಡೆಲಿಂಗ್, ಹಂತ ಹಂತವಾಗಿ

ಕ್ಯಾಡ್‌ನಲ್ಲಿ, ಅಂದರೆ ಕಂಪ್ಯೂಟರ್ ಡಿಸೈನ್ ಸಾಫ್ಟ್‌ವೇರಿನಲ್ಲಿ, ಒಂದು ಡಬ್ಬ ಬಿಡಿಸುವುದು ದೊಡ್ಡ ಕೆಲಸವೇನಲ್ಲ. ಒಂದು ಬ್ಲಾಕ್ ಎಳೆದು, ಒಳಗೆ ಶೆಲ್ ಮಾಡಿ (ಟೊಳ್ಳು ಮಾಡಿ), ನಾಲ್ಕು ತೂತು ಹಾಕಿದರೆ ನೋಡಲಿಕ್ಕೆ ಚಂದವೇ ಇರುತ್ತದೆ. ತೊಂದರೆ ಶುರುವಾಗುವುದು ಆ ಫೈಲು ಮಂಗಳೂರಿನ ಬೈಕಂಪಾಡಿಯಲ್ಲೋ ಮಣಿಪಾಲದ ಶಿವಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲೋ ಇರುವ ಲೇಸರ್ ಕಟಿಂಗ್‌ನವರ ಕೈಗೆ ಹೋದಾಗ. ಅವರಿಗೆ ಬೇಕಾದದ್ದು ಡಬ್ಬ ಅಲ್ಲ, ಡಬ್ಬ ಆಗುವುದಕ್ಕೆ ಮುಂಚಿನ ಚಪ್ಪಟೆ ಶೀಟ್. ಶೆಲ್ ಮಾಡಿದ ಬ್ಲಾಕ್ ಬಿಚ್ಚಿಕೊಳ್ಳುವುದಿಲ್ಲ. ಬಿಚ್ಚಿಸಿದರೂ ಅಳತೆ ಸರಿ ಬರುವುದಿಲ್ಲ.

ಈ ಲೇಖನದ ಉದ್ದಕ್ಕೂ ಒಂದೇ ಪಾರ್ಟ್ ಇಟ್ಟುಕೊಳ್ಳೋಣ. ಅಡಿಕೆ ತೋಟದ ಪಂಪಿನ ಸ್ಟಾರ್ಟರ್ ಬಾಕ್ಸ್. ಹೊರಗೆ ಕಂಬಕ್ಕೆ ಕೂರಿಸುವಂಥದ್ದು. ಹೊರ ಅಳತೆಯಲ್ಲಿ 300 ಎಂಎಂ ಅಗಲ, 400 ಎತ್ತರ, 150 ಆಳ. ಬಾಗಿಲು ಕೂರಲಿಕ್ಕೆ ಮುಂದುಗಡೆ ಎರಡೂ ಬದಿಗೆ 20 ಎಂಎಂ ಒಳಮಡಿಕೆ. ಶೀಟ್ 1.6 ಎಂಎಂ ಸಿಆರ್‌ಸಿಎ (ಕೋಲ್ಡ್ ರೋಲ್ಡ್ ಮೈಲ್ಡ್ ಸ್ಟೀಲ್), ಮೇಲೆ ಪೌಡರ್ ಕೋಟಿಂಗ್. ನೀವು ಸಾಲಿಡ್‌ವರ್ಕ್ಸ್ ಬಳಸಿ, ಇನ್ವೆಂಟರ್ ಬಳಸಿ, ಫ್ಯೂಷನ್ ಅಥವಾ ಫ್ರೀಕ್ಯಾಡ್ ಬಳಸಿ, ಕ್ರಮ ಹೆಚ್ಚುಕಡಿಮೆ ಇದೇ.

ಹಂತ 1: ಸಾಫ್ಟ್‌ವೇರ್ ತೆರೆಯುವ ಮೊದಲು ಬೆಂಡಿಂಗ್‌ನವರಿಗೆ ಫೋನ್ ಮಾಡಿ

ಹೆಚ್ಚಿನವರು ಬಿಡುವ ಹಂತ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ. ಕೇಳಬೇಕಾದದ್ದು ಬಹಳ ಇಲ್ಲ. ಬೆಂಡಿಂಗ್ ಮೆಷಿನಿನಲ್ಲಿ ಶೀಟ್ ಕೂರುವ ವಿ ಆಕಾರದ ಅಚ್ಚು ವಿ-ಡೈ, ಮೇಲಿನಿಂದ ಬಂದು ಒತ್ತುವುದು ಪಂಚ್. ಮಾತು ಸುಮಾರು ಹೀಗಿರುತ್ತದೆ:

"ಅಣ್ಣ, 1.6ರ ಶೀಟಿಗೆ ಎಷ್ಟರ ವಿ-ಡೈ ಹಾಕ್ತೀರಿ?"

"ಹನ್ನೆರಡರದ್ದು. ಹತ್ತರದ್ದು ಸಾ ಉಂಟು, ಆದ್ರೆ ಅದನ್ನು ಇದಕ್ಕೆ ಹಾಕುದಿಲ್ಲ. ಎಂತಕ್ಕೆ?"

"ಒಳಗಿನ ರೇಡಿಯಸ್ ಎಷ್ಟು ಬರ್ತದೆ ಅಂತ ನೋಡ್ಲಿಕ್ಕೆ."

"ಎರಡರ ಹತ್ತಿರ ಬರ್ತದೆ ಮಾರಾಯ್ರೆ. ಒಂದು ಪೀಸ್ ಬೆಂಡ್ ಮಾಡಿ ಕೊಡ್ಲಾ?"

ಕೊಡಲಿ ಎನ್ನಿ.

ಇಷ್ಟು ವಿಚಾರಿಸುವುದಕ್ಕೆ ಕಾರಣ ಇದೆ. ನಮ್ಮ ಕಡೆ ಸಾಮಾನ್ಯವಾಗಿ ಮಾಡುವುದು ಏರ್ ಬೆಂಡಿಂಗ್. ಅಂದರೆ ಪಂಚ್ ಶೀಟನ್ನು ಡೈಯ ತಳದವರೆಗೆ ಒತ್ತುವುದಿಲ್ಲ, ಬೇಕಾದ ಕೋನ ಬಂದ ಕೂಡಲೇ ನಿಲ್ಲುತ್ತದೆ. ಹಾಗೆ ಬೆಂಡ್ ಮಾಡುವಾಗ ಒಳ ರೇಡಿಯಸ್ಸನ್ನು ಮುಖ್ಯವಾಗಿ ತೀರ್ಮಾನಿಸುವುದು ಡೈಯ ಬಾಯಿಯ ಅಗಲ. ಪಂಚ್‌ನ ತುದಿ ಚೂಪಾಗಿದೆ ಅಂತ ರೇಡಿಯಸ್ ಸಣ್ಣದಾಗುವುದಿಲ್ಲ. ಮೈಲ್ಡ್ ಸ್ಟೀಲ್‌ಗೆ ಅದು ಡೈಯ ಅಗಲದ ಸುಮಾರು 16 ಶೇಕಡಾ. 12 ಎಂಎಂ ಡೈಗೆ 1.9, ಅಂದರೆ ಎರಡೇ ಎನ್ನಿ. ಸ್ಟೇನ್‌ಲೆಸ್‌ಗೆ ಇದು 20 ಶೇಕಡಾದ ಆಸುಪಾಸು ಬರುತ್ತದೆ. ಡೈ ಎಷ್ಟರದ್ದು ಎನ್ನುವುದಕ್ಕೆ ಸಾಮಾನ್ಯ ಲೆಕ್ಕ ಶೀಟಿನ ದಪ್ಪದ ಎಂಟು ಪಟ್ಟು. ಆದರೆ ಅವರ ಹತ್ತಿರ ಇರುವುದು ಯಾವುದೋ ಅದೇ ನಿಮ್ಮ ಲೆಕ್ಕ.

ಇನ್ನೊಂದು: ದಪ್ಪವನ್ನು ಗೇಜ್‌ನಲ್ಲಿ ಹೇಳಬೇಡಿ, ಎಂಎಂನಲ್ಲೇ ಹೇಳಿ. ಅಂಗಡಿಯಲ್ಲಿ "16 ಗೇಜ್" ಅಂದರೆ 1.6 ಎಂಎಂ ಕೊಡುತ್ತಾರೆ. ಅದು ಬ್ರಿಟಿಷ್ ಗೇಜ್. ಸಾಫ್ಟ್‌ವೇರ್ ಜೊತೆಗೆ ಬರುವ ಗೇಜ್ ಪಟ್ಟಿ ಅಮೆರಿಕದ್ದಾಗಿದ್ದರೆ ಅದೇ 16 ಗೇಜ್‌ಗೆ 1.52 ಎಂಎಂ ಎಂದು ಕೂತಿರುತ್ತದೆ. ಸುಮ್ನೆ ಪಟ್ಟಿಯಿಂದ ಆರಿಸಿಕೊಂಡರೆ ಮೊದಲ ಗೆರೆ ಎಳೆಯುವ ಮುಂಚೆಯೇ ದಪ್ಪ ತಪ್ಪಿರುತ್ತದೆ.

ಹಂತ 2: ಒಂದು ಪಟ್ಟಿ ಬೆಂಡ್ ಮಾಡಿಸಿ, ವರ್ನಿಯರ್ ಹಿಡಿದು ಅಳೆಯಿರಿ

ಶೀಟ್ ಬೆಂಡ್ ಆಗುವಾಗ ಹೊರಮೈ ಹಿಗ್ಗುತ್ತದೆ, ಒಳಮೈ ಕುಗ್ಗುತ್ತದೆ. ನಡುವೆ ಎಲ್ಲೋ ಹಿಗ್ಗದ ಕುಗ್ಗದ ಒಂದು ಪದರ ಇರುತ್ತದೆ. ಅದು ಒಳಮೈಯಿಂದ ದಪ್ಪದ ಎಷ್ಟು ಪಾಲು ದೂರದಲ್ಲಿದೆ ಎನ್ನುವುದೇ ಕೆ-ಫ್ಯಾಕ್ಟರ್. ಸಾಮಾನ್ಯವಾಗಿ 0.33ರಿಂದ 0.5ರ ಒಳಗೆ ಇರುತ್ತದೆ. ಇದನ್ನು ಪುಸ್ತಕದಿಂದ ತೆಗೆದುಕೊಳ್ಳುವುದಕ್ಕಿಂತ ಅಳೆದು ತೆಗೆಯುವುದು ಸುಲಭ.

ನೀವು ಬಳಸುವ ಅದೇ ಶೀಟಿನಿಂದ ಸರಿಯಾಗಿ 100 ಎಂಎಂ ಉದ್ದದ ಒಂದು ಪಟ್ಟಿ ಲೇಸರ್‌ನಲ್ಲಿ ಕತ್ತರಿಸಿ. ನಡುವೆ 90 ಡಿಗ್ರಿ ಬೆಂಡ್ ಮಾಡಿಸಿ. ಬೆಂಡ್ ಸರಿಯಾಗಿ 50ಕ್ಕೇ ಬೀಳಬೇಕು ಅಂತ ಏನಿಲ್ಲ. ಕೋನ ಮಾತ್ರ 90 ಇರಲಿ, ಮೂಲೆಮಟ್ಟ ಇಟ್ಟು ನೋಡಿ. ಈಗ ಎರಡೂ ಕಾಲುಗಳ ಹೊರ ಅಳತೆ ತೆಗೆಯಿರಿ. ಒಂದು ಕಾಲು 51.8, ಇನ್ನೊಂದು 51.2 ಬಂತು ಎನ್ನೋಣ. ಕೂಡಿದರೆ 103. ಪಟ್ಟಿ ಇದ್ದದ್ದು 100. ಹಾಗಾದರೆ ಒಂದು ಬೆಂಡ್‌ಗೆ ಹೊರ ಅಳತೆಯಿಂದ ಕಳೆಯಬೇಕಾದದ್ದು 3 ಎಂಎಂ. ಇದೇ ಬೆಂಡ್ ಡಿಡಕ್ಷನ್.

ಅದರಿಂದ ಕೆ-ಫ್ಯಾಕ್ಟರ್ ತೆಗೆಯುವ ದಾರಿ ಹೀಗೆ. ಒಳ ರೇಡಿಯಸ್ 2, ದಪ್ಪ 1.6. ಎರಡನ್ನೂ ಕೂಡಿಸಿ ದುಪ್ಪಟ್ಟು ಮಾಡಿದರೆ 7.2. ಅದರಲ್ಲಿ 3 ಕಳೆಯಿರಿ, 4.2. ಇದು ಬೆಂಡ್ ಅಲೋಯನ್ಸ್, ಅಂದರೆ ಬೆಂಡ್ ಆದ ಜಾಗದಲ್ಲಿ ಖರ್ಚಾದ ಶೀಟಿನ ಉದ್ದ. 4.2ನ್ನು 1.571ರಿಂದ (90 ಡಿಗ್ರಿಗೆ ಪೈಯ ಅರ್ಧ) ಭಾಗಿಸಿ, 2.67. ಅದರಲ್ಲಿ ರೇಡಿಯಸ್ 2 ಕಳೆದರೆ 0.67. ಅದನ್ನು ದಪ್ಪದಿಂದ, ಅಂದರೆ 1.6ರಿಂದ ಭಾಗಿಸಿದರೆ 0.42. ನಿಮ್ಮ ಶೀಟಿಗೆ, ಆ ಡೈಗೆ, ಆ ಮೆಷಿನ್‌ಗೆ ಕೆ-ಫ್ಯಾಕ್ಟರ್ 0.42.

ಎಲ್ಲರೂ ತಲೆ ಕೆಡಿಸಿಕೊಳ್ಳುವುದು ಕೆ-ಫ್ಯಾಕ್ಟರ್ ಬಗ್ಗೆ. ಆದರೆ ರೇಡಿಯಸ್ ತಪ್ಪು ಹಾಕಿದರೆ ಹೊಡೆತ ಜಾಸ್ತಿ. ಲೆಕ್ಕ ನೋಡಿ: ರೇಡಿಯಸ್ ಸರಿ ಇಟ್ಟು, ಕೆ ಮಾತ್ರ 0.42ರ ಬದಲು 0.5 ಹಾಕಿದರೆ ಒಂದು ಬೆಂಡ್‌ಗೆ 0.2 ಎಂಎಂ ವ್ಯತ್ಯಾಸ. ನಾಲ್ಕು ಬೆಂಡ್‌ಗೆ 0.8. ಕೆ ಸರಿ ಇಟ್ಟು, ರೇಡಿಯಸ್ 2ರ ಬದಲು 1 ಹಾಕಿದರೆ ಒಂದು ಬೆಂಡ್‌ಗೆ 0.43, ನಾಲ್ಕಕ್ಕೆ 1.7 ಎಂಎಂ. ಮೂಲೆ ಚೂಪಾಗಿ ಕಾಣಲಿ ಅಂತ 1 ಹಾಕುವವರು ಬೇಕಾದಷ್ಟು ಜನ ಇದ್ದಾರೆ. ಸ್ಕ್ರೀನಿನಲ್ಲಿ ಚೂಪಾದರೆ ಮೆಷಿನ್ ಕೇಳಬೇಕಲ್ಲ.

ಹಂತ 3: ರೂಲ್‌ನಲ್ಲಿ ತುಂಬಿಸಿ

ಈಗ ಸಾಫ್ಟ್‌ವೇರ್ ತೆರೆಯಿರಿ. ಶೀಟ್ ಮೆಟಲ್ ರೂಲ್ ಅಥವಾ ಡಿಫಾಲ್ಟ್ಸ್ ಎಂಬ ಜಾಗದಲ್ಲಿ ಹೊಸದೊಂದು ಮಾಡಿ: ದಪ್ಪ 1.6, ಒಳ ರೇಡಿಯಸ್ 2, ಕೆ-ಫ್ಯಾಕ್ಟರ್ 0.42. ಹೆಸರು ನೋಡಿದರೆ ಗೊತ್ತಾಗುವಂತೆ ಇಡಿ, "ಸಿಆರ್‌ಸಿಎ 1.6 ವಿ12" ಎಂಬ ಹಾಗೆ. ಕಂಪನಿ ಕೊಟ್ಟ ಡಿಫಾಲ್ಟ್ ಕೆಲವದರಲ್ಲಿ 0.44, ಕೆಲವದರಲ್ಲಿ 0.5 ಇರುತ್ತದೆ. ಅದಕ್ಕೂ ನಿಮ್ಮ ಬೆಂಡಿಂಗ್‌ನವರಿಗೂ ಸಂಬಂಧ ಇಲ್ಲ.

ಫ್ರೀಕ್ಯಾಡ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರ ಶೀಟ್ ಮೆಟಲ್ ವರ್ಕ್‌ಬೆಂಚ್‌ನಲ್ಲಿ ಕೆ-ಫ್ಯಾಕ್ಟರ್ ಬರೆಯುವ ಪದ್ಧತಿಗೆ ಅನ್ಸಿ, ಡಿನ್ ಎಂದು ಎರಡು ಆಯ್ಕೆ ಇವೆ. ಮೇಲೆ ತೆಗೆದ 0.42 ಅನ್ಸಿ ಲೆಕ್ಕದ್ದು. ಡಿನ್ ಆರಿಸಿದರೆ ಅದೇ ವಸ್ತುವಿಗೆ 0.84 ಹಾಕಬೇಕು.

ಮುಂದೆ ಗಿರಾಕಿ "ಸ್ಟೇನ್‌ಲೆಸ್‌ನಲ್ಲೇ ಮಾಡಿ" ಎಂದರೆ ಮೆಟೀರಿಯಲ್ ಹೆಸರು ಬದಲಿಸಿ ಬಿಡಬೇಡಿ. ರೇಡಿಯಸ್ ಬದಲಾಗುತ್ತದೆ, ಸ್ಪ್ರಿಂಗ್ ಬ್ಯಾಕ್, ಅಂದರೆ ಒತ್ತಡ ಬಿಟ್ಟ ಮೇಲೆ ಬೆಂಡ್ ಸ್ವಲ್ಪ ತೆರೆದುಕೊಳ್ಳುವುದು, ಜಾಸ್ತಿ. ಹೊಸ ಪಟ್ಟಿ, ಹೊಸ ರೂಲ್. ಅಲ್ಯೂಮಿನಿಯಂ ಆದರೆ ಗ್ರೇಡ್ ಕೂಡ ಕೇಳಿ. 5052 ಚೆನ್ನಾಗಿ ಬೆಂಡ್ ಆಗುತ್ತದೆ. 6061-ಟಿ6 ಸಣ್ಣ ರೇಡಿಯಸ್‌ಗೆ ಹೊರಮೈಯಲ್ಲಿ ಬಿರುಕು ಬಿಡುತ್ತದೆ.

ಹಂತ 4: ಎಷ್ಟು ತುಂಡು ಎಂದು ಮೊದಲು ತೀರ್ಮಾನಿಸಿ

ಬಾಕ್ಸನ್ನು ಒಂದೇ ಶೀಟಿನಿಂದ ಮಾಡಬಹುದು. ನಾಲ್ಕೂ ಕಡೆ ಗೋಡೆ ಎಬ್ಬಿಸಿ, ನಾಲ್ಕಕ್ಕೂ ಒಳಮಡಿಕೆ ಕೊಟ್ಟರಾಯಿತು ಎಂದು ಸ್ಕ್ರೀನ್ ಹೇಳುತ್ತದೆ. ಮೆಷಿನ್ ಮುಂದೆ ನಿಂತವರ ಕಷ್ಟ ಬೇರೆ. ಕೊನೆಯ ಗೋಡೆ ಬೆಂಡ್ ಮಾಡುವಾಗ ಆಚೆ ಈಚೆ ಗೋಡೆಗಳು ಈಗಾಗಲೇ ಎದ್ದು ನಿಂತಿರುತ್ತವೆ. ಪಂಚ್ ಅವುಗಳ ನಡುವೆ ಇಳಿಯಬೇಕು. ಒಳಮಡಿಕೆಗಳು ಎರಡೂ ಬದಿಯಿಂದ 20 ಎಂಎಂ ಚಾಚಿಕೊಂಡಿರುವುದರಿಂದ ಇಳಿದ ಪಂಚ್ ಮೂಲೆಯವರೆಗೆ ತಲುಪುವುದಿಲ್ಲ. ಅದಕ್ಕೆಂದೇ ಕಿವಿ ಇರುವ ಪಂಚ್ ಬರುತ್ತದೆ, ಆದರೆ ಎಲ್ಲರ ಹತ್ತಿರ ಇರುವುದಿಲ್ಲ.

ಹಾಗಾಗಿ ನಾನು ಈ ಥರದ ಬಾಕ್ಸಿಗೆ ಮೂರು ತುಂಡು ಇಷ್ಟಪಡುತ್ತೇನೆ. ಹಿಂಬದಿ ಮತ್ತು ಎರಡು ಪಕ್ಕ ಸೇರಿ ಒಂದು ಸುತ್ತು. ಮೇಲಿನ ಮಾಡು (ಬಾಕ್ಸಿನ ಸೂರು) ಬೇರೆ, ತಳ ಬೇರೆ. ಬಾಗಿಲಂತೂ ಹೇಗೂ ಬೇರೆಯೇ.

ಸುತ್ತಿನ ಮಾಡೆಲ್ ಸುಲಭ. ಮೇಲಿನಿಂದ ನೋಡಿದ ಹಾಗೆ ಒಂದು ತೆರೆದ ಗೆರೆ ಎಳೆಯಿರಿ: 20, 150, 300, 150, 20. ಮೂಲೆಗೆ ಆರ್ಕ್ ಹಾಕಬೇಡಿ. ಚೂಪಾಗಿಯೇ ಬಿಡಿ, ರೇಡಿಯಸ್ಸನ್ನು ರೂಲ್ ಹಾಕುತ್ತದೆ. ದಪ್ಪ ಒಳಗಡೆಗೆ ಬೆಳೆಯುವಂತೆ ಇಡಿ, ಆಗ ನೀವು ಕೊಟ್ಟದ್ದೆಲ್ಲ ಹೊರ ಅಳತೆ. ಆಮೇಲೆ ಕಾಂಟೂರ್ ಫ್ಲೇಂಜ್ ಅಥವಾ ಬೇಸ್ ಫ್ಲೇಂಜ್ ಕೊಟ್ಟು 400 ಎಳೆಯಿರಿ. ಗೆರೆಯ ಎರಡು ತುದಿ ಒಂದಕ್ಕೊಂದು ತಾಗಬಾರದು. ಪೈಪಿನ ಹಾಗೆ ಪೂರ್ತಿ ಮುಚ್ಚಿದ ಆಕಾರವನ್ನು ಯಾವ ಸಾಫ್ಟ್‌ವೇರೂ ಬಿಚ್ಚುವುದಿಲ್ಲ. ಕೂದಲೆಳೆಯಷ್ಟಾದರೂ ಸಂದು ಬೇಕು.

ಬೇರೆಯವರು ಕಳಿಸಿದ ಸ್ಟೆಪ್ ಫೈಲ್ (ಯಾವ ಕ್ಯಾಡ್‌ನಲ್ಲೂ ತೆರೆಯಬಹುದಾದ ಮಾಡೆಲ್ ಫೈಲ್) ಇದ್ದರೆ ಮೊದಲು ಎಲ್ಲ ಕಡೆ ದಪ್ಪ ಒಂದೇ ಇದೆಯಾ ಎಂದು ಅಳೆಯಿರಿ. ಒಂದು ಗೋಡೆ 1.6, ಇನ್ನೊಂದು 1.5 ಇದ್ದರೆ ಅದನ್ನು ರಿಪೇರಿ ಮಾಡುತ್ತಾ ಕೂರಬೇಡಿ. ಅಳತೆ ನೋಡಿಕೊಂಡು ಹೊಸದಾಗಿ ಬಿಡಿಸುವುದೇ ಬೇಗ ಆಗುತ್ತದೆ.

ಮಾಡು ಮತ್ತು ತಳದ ತುಂಡು ಸುತ್ತಿನ ಒಳಗೆ ಕೂರಬೇಕು. ಒಳ ಅಗಲ 300ರಲ್ಲಿ ಎರಡು ದಪ್ಪ ಕಳೆದು 296.8. ಮೊದಲು ವೆಲ್ಡಿಂಗ್, ಆಮೇಲೆ ಕೋಟಿಂಗ್ ಎಂದಾದರೆ ತಳಕ್ಕೆ 296.2 ಕೊಟ್ಟರೆ ಸಾಕು. ಬೇರೆ ಬೇರೆ ಕೋಟ್ ಮಾಡಿ ಆಮೇಲೆ ರಿವೆಟ್ ಹೊಡೆಯುವುದಾದರೆ ಇನ್ನಷ್ಟು ಬಿಡಿ. ಪೌಡರ್ ಕೋಟಿಂಗ್ ಒಂದು ಮೈಗೆ 60ರಿಂದ 80 ಮೈಕ್ರಾನ್ ಕೂರುತ್ತದೆ. ಇಲ್ಲಿ ಎದುರುಬದುರು ನಾಲ್ಕು ಮೈ ಇದೆ, ಅಂದರೆ 0.3 ಎಂಎಂ ಅಲ್ಲೇ ಹೋಯಿತು.

ಹಂತ 5: ಫ್ಲೇಂಜ್, ರಿಲೀಫ್, ತೂತು

ಫ್ಲೇಂಜ್, ಅಂದರೆ ಬೆಂಡ್ ಮಾಡಿ ಎಬ್ಬಿಸಿದ ಅಂಚು, ಎಷ್ಟು ಸಣ್ಣದಿರಬಹುದು? ಡೈಯ ಎರಡೂ ಭುಜದ ಮೇಲೆ ಶೀಟ್ ಕೂರಬೇಕು, ಇಲ್ಲದಿದ್ದರೆ ಒಳಗೆ ಜಾರುತ್ತದೆ. ಡೈಯ ಅಗಲದ 0.7 ಪಟ್ಟು ಎಂದು ಇಟ್ಟುಕೊಳ್ಳಿ. 12ರ ಡೈಗೆ 8.4, ನಾನಾದರೆ 10ಕ್ಕಿಂತ ಕೆಳಗೆ ಹೋಗುವುದಿಲ್ಲ.

ತಳದ ತುಂಡಿಗೆ ಮೂರು ಕಡೆ ಫ್ಲೇಂಜ್ ಎಬ್ಬಿಸುವಾಗ ಮೂಲೆಯಲ್ಲಿ ಎರಡು ಬೆಂಡ್ ಸೇರುತ್ತವೆ. ಅಲ್ಲಿ ರಿಲೀಫ್, ಅಂದರೆ ಕತ್ತರಿಸಿ ಬಿಟ್ಟ ಸಣ್ಣ ಸಂದು, ಬೇಕು. ಇಲ್ಲದಿದ್ದರೆ ಶೀಟ್ ಹರಿಯುತ್ತದೆ ಅಥವಾ ಮೂಲೆ ಉಬ್ಬುತ್ತದೆ. ರಿಲೀಫ್‌ನ ಅಗಲ ದಪ್ಪಕ್ಕಿಂತ ಕಡಿಮೆ ಬೇಡ, ಇಲ್ಲಿ 2 ಎಂಎಂ. ಆಳ ರೇಡಿಯಸ್ ಮತ್ತು ದಪ್ಪ ಕೂಡಿದಷ್ಟಾದರೂ ಇರಲಿ, ಇಲ್ಲಿ 4 ಎಂಎಂ. ರೂಲ್‌ನಲ್ಲೇ ಒಂದು ಸಲ ಹಾಕಿಟ್ಟರೆ ಪ್ರತಿ ಫ್ಲೇಂಜ್‌ಗೂ ತಾನಾಗಿಯೇ ಬರುತ್ತದೆ. "ಟಿಯರ್" ಎಂಬ ಆಯ್ಕೆ ಕಂಡರೆ ಮುಟ್ಟಬೇಡಿ.

ತೂತು ಬೆಂಡ್‌ಗೆ ತೀರಾ ಹತ್ತಿರ ಇದ್ದರೆ ಬೆಂಡ್ ಆದ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ದಪ್ಪದ ಎರಡೂವರೆ ಪಟ್ಟು ಮತ್ತು ರೇಡಿಯಸ್ ಕೂಡಿಸಿ, ಇಲ್ಲಿ 6 ಎಂಎಂ. ತೂತಿನ ಅಂಚು ಒಳಗೋಡೆಯಿಂದ ಅಷ್ಟಾದರೂ ದೂರ ಇರಲಿ. ಜಾಗ ಇದ್ದರೆ 8 ಕೊಡಿ. ಬೆಂಡನ್ನು ದಾಟಿ ಹೋಗುವ ಕಿಂಡಿ ಬೇಕಾದರೆ ಅನ್‌ಫೋಲ್ಡ್ ಮಾಡಿ, ಚಪ್ಪಟೆಯಲ್ಲಿ ಕತ್ತರಿಸಿ, ಮತ್ತೆ ಫೋಲ್ಡ್ ಮಾಡಿ. ಮಡಚಿದ ಸ್ಥಿತಿಯಲ್ಲೇ ಓರೆಯಾಗಿ ಕಟ್ ಕೊಟ್ಟರೆ ಅಂಚು ಇಳಿಜಾರಾಗುತ್ತದೆ. ಲೇಸರ್ ಹಾಗೆ ಕತ್ತರಿಸುವುದಿಲ್ಲ, ನೆಟ್ಟಗೆ ಮಾತ್ರ.

ಎರಡು ಮೂರು ಬೆಂಡ್ ದಾಟಿ ಎದುರುಬದುರು ಕೂಡಬೇಕಾದ ಬೋಲ್ಟ್ ತೂತುಗಳಲ್ಲಿ ಒಂದನ್ನು ದುಂಡಗೆ, ಇನ್ನೊಂದನ್ನು ಉದ್ದ ಸ್ಲಾಟ್ ಮಾಡಿ. ಲೇಸರ್ ಎಷ್ಟೇ ನಿಖರವಾಗಿದ್ದರೂ ಬೆಂಡ್ ಒಂದಕ್ಕೆ ಆಚೆ ಈಚೆ ಆಗುವುದು ಇದ್ದದ್ದೇ.

ಹಂತ 6: ನಮ್ಮೂರಿನ ಮಳೆ

ಕರಾವಳಿಯಲ್ಲಿ ವರ್ಷಕ್ಕೆ 3,500 ಎಂಎಂಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರ ಮೇಲೆ ಉಪ್ಪು ಗಾಳಿ. ಬೇರೆ ಊರಿನ ಡ್ರಾಯಿಂಗ್ ತಂದು ಹಾಗೆಯೇ ಮಾಡಿದರೆ ಎರಡು ಮಳೆಗಾಲಕ್ಕೆ ಅಂಚು ಕೆಂಪಾಗುತ್ತದೆ. ಇದನ್ನು ಪೇಂಟ್‌ನವರ ತಲೆಗೆ ಕಟ್ಟುವ ಮೊದಲು ಮಾಡೆಲ್‌ನಲ್ಲೇ ಮಾಡಬಹುದಾದದ್ದು ಕೆಲವು ಇವೆ.

ಮಾಡಿನ ತುಂಡು ಮುಂದಕ್ಕೆ ಸ್ವಲ್ಪ ಇಳಿಜಾರಾಗಿರಲಿ, ಬಾಗಿಲಿನಿಂದ 15 ಎಂಎಂ ಮುಂದೆ ಬರಲಿ, ತುದಿ 10 ಎಂಎಂ ಕೆಳಗೆ ಬಾಗಲಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಹಿಂದಕ್ಕೆ ಹರಿದು ಬಾಗಿಲಿನ ಸಂದಿಗೆ ಹೋಗುವುದಿಲ್ಲ. ಕೇಬಲ್ ತೂತುಗಳೆಲ್ಲ ತಳದಲ್ಲಿ, ಮೇಲೆ ಒಂದೂ ಬೇಡ. ತಳದ ಮೂಲೆಗೆ 6 ಎಂಎಂನ ಎರಡು ತೂತು ನೀರು ಇಳಿಯಲಿಕ್ಕೆ. ಕೋಟಿಂಗ್‌ನವರಿಗೆ ಕೊಕ್ಕೆ ಹಾಕಲಿಕ್ಕೂ ಅವೇ ಆಗುತ್ತವೆ. ಕೊಕ್ಕೆಗೆ ಜಾಗ ಕೊಡದಿದ್ದರೆ ಅವರು ಕಣ್ಣಿಗೆ ಕಾಣುವ ಕಡೆಯೇ ಹಿಡಿದು ನೇತುಹಾಕುತ್ತಾರೆ.

ಬಾಗಿಲಿನ ಅಂಚಿಗೆ ಪೂರ್ತಿ ಒತ್ತಿದ ಹೆಮ್ (ಅಂಚನ್ನು ತನ್ನ ಮೇಲೇ ಮಡಚುವುದು) ಕೊಡುವುದು ಎಲ್ಲರಿಗೂ ಇಷ್ಟ. ಕೈಗೆ ಕೊಯ್ಯುವುದಿಲ್ಲ, ಗಟ್ಟಿಯೂ ಆಗುತ್ತದೆ. ಮನೆಯೊಳಗಿನ ಪ್ಯಾನೆಲ್‌ಗೆ ಅಡ್ಡಿಯಿಲ್ಲ. ಹೊರಗಿಡುವ ಬಾಕ್ಸಿಗೆ ನಾನು ಬೇಡ ಎನ್ನುತ್ತೇನೆ. ಆ ಒತ್ತಿದ ಸಂದಿಯೊಳಗೆ ಪೌಡರ್ ಹೋಗುವುದಿಲ್ಲ, ನೀರು ಮಾತ್ರ ಹೋಗಿ ಕೂರುತ್ತದೆ. ಅದರ ಬದಲು 12 ಎಂಎಂ ಒಳಮಡಿಕೆ ಕೊಡಿ.

ಮಲ್ಪೆ, ಉಳ್ಳಾಲ, ಪಣಂಬೂರಿನ ಹಾಗೆ ಕಡಲಿಗೆ ಹತ್ತಿರದ ಜಾಗವಾದರೆ 304 ಸ್ಟೇನ್‌ಲೆಸ್ ಮೇಲೂ ಕಂದು ಕಲೆ ಬರುತ್ತದೆ. ಅಲ್ಲಿ 316 ಕೇಳುವುದು ಒಳ್ಳೆಯದು. ದುಡ್ಡು ಜಾಸ್ತಿ, ಗಿರಾಕಿಗೆ ಮೊದಲೇ ಹೇಳಿಬಿಡಿ.

ಹಂತ 7: ಬಿಚ್ಚಿ ನೋಡಿ, ಶೀಟ್ ಮೇಲೆ ಇಟ್ಟು ನೋಡಿ

ಪ್ರತಿ ಫ್ಲೇಂಜ್ ಹಾಕಿದ ಮೇಲೂ ಒಂದು ಸಲ ಫ್ಲಾಟ್ ಪ್ಯಾಟರ್ನ್ (ಬಿಚ್ಚಿದ ಚಪ್ಪಟೆ ಆಕಾರ) ಒತ್ತಿ. ಎಲ್ಲ ಮುಗಿಸಿ ಕೊನೆಗೆ ಬಿಚ್ಚಿದರೆ ಎಲ್ಲಿ ಸಿಕ್ಕಿಕೊಂಡಿತು ಎಂದು ಹುಡುಕುವುದೇ ಒಂದು ದಿನದ ಕೆಲಸ.

ಅಳತೆಯನ್ನು ಕೈಲೆಕ್ಕದಲ್ಲಿ ತಾಳೆ ನೋಡಿ. ನಮ್ಮ ಸುತ್ತಿನ ಹೊರ ಅಳತೆ ಕೂಡಿದರೆ 640. ನಾಲ್ಕು ಬೆಂಡ್, ಒಂದಕ್ಕೆ 3, ಒಟ್ಟು 12. ಫ್ಲಾಟ್ 628 ಬರಬೇಕು. ಸ್ಕ್ರೀನಿನಲ್ಲಿ 630 ಕಂಡರೆ ಪಾರ್ಟ್‌ಗೆ ಬೇರೆ ರೂಲ್ ಅಂಟಿಕೊಂಡಿದೆ ಎಂದು ಅರ್ಥ.

ಈಗ ದುಡ್ಡಿನ ವಿಷಯ. ಶೀಟ್ ಬರುವುದು 1250 × 2500. ನಮ್ಮ ತುಂಡು 628 × 400. ಅಗಲಕ್ಕೆ ಎರಡು ಇಡೋಣ ಎಂದರೆ 1256 ಬೇಕು. ಆರು ಎಂಎಂ ಸಾಲದು! ತಿರುಗಿಸಿ ಇಟ್ಟರೆ ಉದ್ದಕ್ಕೆ ನಾಲ್ಕಕ್ಕೆ 2512 ಬೇಕು, ಅಲ್ಲೂ ಹನ್ನೆರಡು ಎಂಎಂ ಕಮ್ಮಿ. ಹೀಗೆ ಹಾಗೆ ಜೋಡಿಸಿದರೆ ಹತ್ತು ಕೂರುತ್ತವೆ. ಬಾಕ್ಸಿನ ಆಳವನ್ನು 150ರಿಂದ 145ಕ್ಕೆ ಇಳಿಸಿ. ಫ್ಲಾಟ್ 618 ಆಗುತ್ತದೆ. ಎರಡಕ್ಕೆ 1236, ಆಚೆ ಈಚೆ ಅಂಚು ಬಿಡಲಿಕ್ಕೂ ಜಾಗ ಇದೆ. ಉದ್ದಕ್ಕೆ ಆರು. ಅದೇ ಶೀಟಿನಲ್ಲಿ ಹನ್ನೆರಡು ಬಾಕ್ಸ್. ಒಳಗೆ ಕೂರುವ ಸ್ಟಾರ್ಟರ್‌ಗೆ ಆ 5 ಎಂಎಂ ಬೇಕಾ ಎಂದು ಮೊದಲು ನೋಡಿ, ಬೇಡವಾದರೆ ಕೂಡಲೇ ಕಡಿಮೆ ಮಾಡಿ.

ಹಂತ 8: ಲೇಸರ್‌ಗೆ ಕಳಿಸುವ ಫೈಲ್

ಫ್ಲಾಟ್ ಪ್ಯಾಟರ್ನ್‌ನಿಂದಲೇ ಡಿಎಕ್ಸ್‌ಎಫ್ (ಲೇಸರ್‌ನವರಿಗೆ ಬೇಕಾದ ಗೆರೆಗಳ ಫೈಲ್) ತೆಗೆಯಿರಿ, ಒಂದಕ್ಕೊಂದು ಅಳತೆಯಲ್ಲಿ, ಎಂಎಂನಲ್ಲಿ. ಇಂಚಿನಲ್ಲಿ ಹೋದರೆ ತೆರೆದಾಗ 25.4 ಪಟ್ಟು ತಪ್ಪಿರುತ್ತದೆ. ಕತ್ತರಿಸುವ ಗೆರೆ ಒಂದು ಲೇಯರ್‌ನಲ್ಲಿ, ಬೆಂಡ್ ಗೆರೆ ಬೇರೆ ಲೇಯರ್‌ನಲ್ಲಿ ಇರಬೇಕು. ಎರಡೂ ಒಂದೇ ಕಡೆ ಇದ್ದರೆ ಲೇಸರ್ ಬೆಂಡ್ ಗೆರೆಯನ್ನೂ ಕತ್ತರಿಸಿ ಬಾಕ್ಸನ್ನು ಐದು ಪಟ್ಟಿ ಮಾಡಿ ಕೊಡುತ್ತದೆ. ಲೇಸರ್ ಕಿರಣದ ದಪ್ಪಕ್ಕೆ ಅಂತ ನೀವು ಅಳತೆ ಹಿಗ್ಗಿಸಬೇಡಿ, ಅದನ್ನು ಅವರ ಮೆಷಿನ್ ನೋಡಿಕೊಳ್ಳುತ್ತದೆ.

ಜೊತೆಗೆ ಒಂದು ಪಿಡಿಎಫ್ ಬೇಕು, ಬೆಂಡ್ ಮಾಡುವವರಿಗೆ. ಅದರಲ್ಲಿ ಬೆಂಡ್ ಆದ ಮೇಲಿನ ಹೊರ ಅಳತೆ, ಯಾವ ಬೆಂಡ್ ಮೇಲಕ್ಕೆ, ಯಾವುದು ಕೆಳಕ್ಕೆ, ಕೋನ, ದಪ್ಪ, ಮೆಟೀರಿಯಲ್, ಎಷ್ಟು ಪೀಸ್. ಮೂರು ಆಯಾಮದ ಒಂದು ಚಿತ್ರವನ್ನೂ ಮೂಲೆಗೆ ಹಾಕಿ. ಬೆಂಡ್ ಉಲ್ಟಾ ಆಗುವುದನ್ನು ಹತ್ತು ಸಾಲಿನ ಸೂಚನೆಗಿಂತ ಆ ಚಿತ್ರ ಚೆನ್ನಾಗಿ ತಡೆಯುತ್ತದೆ.

ಹಂತ 9: ಮೊದಲ ಪೀಸ್

ಹನ್ನೆರಡನ್ನೂ ಒಟ್ಟಿಗೆ ಕತ್ತರಿಸಿ ಬೆಂಡ್ ಮಾಡಿಸಬೇಡಿ. ಒಂದು ಮಾಡಿಸಿ, ಹಿಂಬದಿಯ ಅಗಲ, ಎರಡೂ ಪಕ್ಕದ ಆಳ, ಎರಡೂ ಒಳಮಡಿಕೆ ಅಳೆಯಿರಿ. ಒಂದೇ ಕಡೆ ಜಾಸ್ತಿ, ಇನ್ನೊಂದು ಕಡೆ ಅಷ್ಟೇ ಕಡಿಮೆ ಬಂದಿದ್ದರೆ ಅದು ಮೆಷಿನ್‌ನ ಬ್ಯಾಕ್ ಗೇಜ್ (ಶೀಟ್ ತಾಗಿ ನಿಲ್ಲುವ ಹಿಂಬದಿಯ ತಡೆ) ವಿಷಯ, ಅವರಿಗೆ ಹೇಳಿದರೆ ಅಲ್ಲೇ ಸರಿ ಮಾಡುತ್ತಾರೆ. ಎಲ್ಲ ಹೊರ ಅಳತೆ ಕೂಡಿಸಿದ ಮೊತ್ತವೇ (ಆಳ 145 ಮಾಡಿದ ಮೇಲೆ) 630ರ ಬದಲು 631 ಬಂದಿದ್ದರೆ ಡಿಡಕ್ಷನ್ ಬದಲಾಗಿದೆ. ಬಹುಶಃ ಬೇರೆ ಲಾಟಿನ ಶೀಟ್, ಅಥವಾ ಅವತ್ತು ಬೇರೆ ಡೈ ಹಾಕಿದ್ದಾರೆ. ಆಗ ಸ್ಕೆಚ್‌ಗೆ ಹೋಗಿ 300ನ್ನು 299 ಮಾಡಬೇಡಿ. ಅವರು ಹಾಕಿದ ಡೈ ಯಾವುದೆಂದು ಕೇಳಿ, ರೂಲ್‌ನಲ್ಲಿ ಸಂಖ್ಯೆ ತಿದ್ದಿ, ಮಾಡು ತಳ ಬಾಗಿಲು ಎಲ್ಲವೂ ಅದರ ಜೊತೆಗೆ ಬದಲಾದವಾ ನೋಡಿ, ಹೊಸ ಡಿಎಕ್ಸ್‌ಎಫ್ ತೆಗೆದು ಹಳೆಯದನ್ನು ಅಳಿಸಲಿಕ್ಕೆ ಹೇಳಿ. ಆಮೇಲೆ ಉಳಿದ ಹನ್ನೊಂದಕ್ಕೆ ಕಟಿಂಗ್ ಕೊಡಿ.